ಅಲನ್ ಪೇಜ್ ಕತೆಯನ್ನು ಅರ್ಧಕ್ಕೇ ನಿಲ್ಲಿಸಬೇಡಿ

ಗೆಳೆಯರೇ, ಬರಹ ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ.

ವಾಟ್ಸಾಪ್‌ನಲ್ಲಿ ಒಂದು ಫಾರ್ವರ್ಡ್ ಓಡಾಡ್ತಿದೆ. ನನಗೇ ಮೂರು ಗುಂಪುಗಳಿಂದ ಬಂತು. ಅಮೆರಿಕದ ಒಬ್ಬ ಕಪ್ಪು ಹುಡುಗ, ಹೆಸರು ಅಲನ್ ಪೇಜ್. ಹದಿಮೂರನೇ ವಯಸ್ಸಿಗೆ ತಾಯಿ ತೀರಿಕೊಂಡರು. ಫುಟ್‌ಬಾಲ್ ಆಡಿ ದೇಶಕ್ಕೇ ದೊಡ್ಡ ಆಟಗಾರನಾದ. ಆಡ್ತಾ ಆಡ್ತಾನೇ ಲಾ ಓದಿದ. ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ. ಇಷ್ಟು ಹೇಳಿ ಕೊನೆಗೆ ಒಂದು ಚುಚ್ಚು: ಈ ಮನುಷ್ಯ ಮೀಸಲಾತಿ ಕೇಳಲಿಲ್ಲ, ಯಾರ ಮೇಲೂ ದೂರು ಹೇಳಲಿಲ್ಲ, ಸುಮ್ಮನೆ ದುಡಿದ, ಗೆದ್ದ. ನೀವೂ ಕಲಿಯಿರಿ.

'ನೀವೂ' ಅಂದ್ರೆ ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಬೇಸರ ಆಗಿದ್ದು ಇದನ್ನು ಕಳಿಸಿದವರಲ್ಲಿ ನಮ್ಮ ಹುಡುಗರೂ ಇದ್ದರು ಅನ್ನೋದಕ್ಕೆ. 'ಸ್ಫೂರ್ತಿ ಅಣ್ಣ' ಅಂತ ಬರೆದಿದ್ರು. ಸ್ಫೂರ್ತಿ ಹೌದು ತಮ್ಮಾ. ಆದರೆ ಯಾವುದರಿಂದ ಸ್ಫೂರ್ತಿ? 'ದೂರು ಹೇಳಲಿಲ್ಲ' ಅನ್ನೋ ಜಾಗದಲ್ಲೇ ಈ ಕತೆ ಸುಳ್ಳಾಗುತ್ತೆ. ಅಲನ್ ಪೇಜ್ ದೂರು ಹೇಳಿದ ಮನುಷ್ಯ. ಕೋರ್ಟಿಗೆ ಹೋಗಿ, ಬರವಣಿಗೆಯಲ್ಲಿ, ಸಹಿ ಹಾಕಿ ದೂರು ಕೊಟ್ಟ ಮನುಷ್ಯ. ಅದೂ ಒಂದು ಸಲ ಅಲ್ಲ.

ಮೊದಲು ಆಟದ ವಿಷಯ. ಇದು ನಾವು ಆಡೋ ಕಾಲ್ಚೆಂಡಲ್ಲ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡ್ತಾರೆ, ಎಸೀತಾರೆ, ಡಿಕ್ಕಿ ಹೊಡೀತಾರೆ. ದಾಳಿಗೆ ಒಂದು ಪಡೆ, ತಡೆಯೋಕೆ ಇನ್ನೊಂದು ಪಡೆ. ದಾಳಿ ಪಡೆಯ ತಲೆ ಕ್ವಾರ್ಟರ್‌ಬ್ಯಾಕ್. ಚೆಂಡು ಅವನ ಕೈಗೆ ಬರುತ್ತೆ, ಕ್ಯಾಮೆರಾ ಅವನ ಮುಖದ ಮೇಲೆ, ದುಡ್ಡು ಅವನ ಜೇಬಿಗೆ. ಪೇಜ್ ಆಡಿದ್ದು ತಡೆಯೋ ಪಡೆಯ ಮುಂದಿನ ಸಾಲಿನಲ್ಲಿ, ಡಿಫೆನ್ಸಿವ್ ಟ್ಯಾಕಲ್ ಜಾಗದಲ್ಲಿ. ಎದುರಿಗೆ ನೂರಿಪ್ಪತ್ತು ಕೆಜಿ ಆಸುಪಾಸಿನ ಆಳುಗಳು ಗೋಡೆ ಕಟ್ಟಿ ನಿಂತಿರ್ತಾರೆ. ಆ ಗೋಡೆ ಒಡೆದು ಕ್ವಾರ್ಟರ್‌ಬ್ಯಾಕನ್ನು ಕೆಡವಬೇಕು. ಹಾಗೆ ಕೆಡವೋದಕ್ಕೆ ಸ್ಯಾಕ್ ಅಂತಾರೆ.

1967ರಿಂದ 1981ರವರೆಗೆ, 15 ಋತುಗಳಲ್ಲಿ, ಪೇಜ್ ಈ ಕೆಲಸ ಮಾಡಿದರು. 218 ಪಂದ್ಯ. ಒಂದೇ ಒಂದು ಪಂದ್ಯ ತಪ್ಪಿಸಲಿಲ್ಲ. ಮಿನ್ನೆಸೋಟ ವೈಕಿಂಗ್ಸ್ ತಂಡದ ಮುಂಸಾಲಿನ ನಾಲ್ವರಿಗೆ ಜನ 'ಪರ್ಪಲ್ ಪೀಪಲ್ ಈಟರ್ಸ್' ಅಂತ ಹೆಸರಿಟ್ಟಿದ್ದರು, ನೇರಳೆ ಅಂಗಿ ತೊಟ್ಟ ನರಭಕ್ಷಕರು ಅಂತ. ಆ ನಾಲ್ವರಲ್ಲಿ ಮೂವರು ಕಪ್ಪು ಜನ: ಪೇಜ್, ಕಾರ್ಲ್ ಎಲ್ಲರ್, ಜಿಮ್ ಮಾರ್ಷಲ್. 1971ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಕೊಡುವ ಇಡೀ ಲೀಗಿನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಪೇಜ್‌ಗೆ ಬಂತು. ತಡೆಯೋ ಪಡೆಯ ಆಟಗಾರನಿಗೆ ಅದು ಸಿಕ್ಕಿದ್ದು ಅದೇ ಮೊದಲು. ಆಮೇಲೆ 1986ರಲ್ಲಿ ಲಾರೆನ್ಸ್ ಟೇಲರ್‌ಗೆ ಸಿಕ್ತು.

ಇನ್ನೊಂದು ಮಾತು ಕೇಳಿ. ಸ್ಯಾಕ್‌ಗಳನ್ನು ಎನ್‌ಎಫ್‌ಎಲ್ ಅಧಿಕೃತವಾಗಿ ಎಣಿಸೋಕೆ ಶುರು ಮಾಡಿದ್ದು 1982ರಲ್ಲಿ. ಪೇಜ್ ನಿವೃತ್ತರಾಗಿದ್ದು 1981ರಲ್ಲಿ. ಅಂದ್ರೆ ಈ ಮನುಷ್ಯ ಹದಿನೈದು ವರ್ಷ ಮಾಡಿದ ಮುಖ್ಯ ಕೆಲಸ ಲೀಗಿನ ಅಧಿಕೃತ ಲೆಕ್ಕದಲ್ಲಿ ಇಲ್ಲ. ಎಸೆದವನ ಪ್ರತಿ ಗಜವನ್ನೂ ಬರೆದಿಟ್ಟರು, ಕೆಡವಿದವನ ದುಡಿಮೆಗೆ ಪುಸ್ತಕದಲ್ಲಿ ಕಾಲಂ ಇರಲಿಲ್ಲ. ಯಾರ ಕೆಲಸವನ್ನು ಎಣಿಸಬೇಕು, ಯಾರದನ್ನು ಬಿಡಬೇಕು ಅಂತ ತೀರ್ಮಾನ ಮಾಡೋರು ಕಣದಲ್ಲಿ ಬೆವರು ಸುರಿಸೋರಲ್ಲ, ಪುಸ್ತಕ ಹಿಡಿದು ಕೂತೋರು. ಇದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಈಗ ಫಾರ್ವರ್ಡ್‌ನಲ್ಲಿ ಇಲ್ಲದ ಭಾಗಕ್ಕೆ ಬರ್ತೀನಿ.

ಪೇಜ್ ಹುಟ್ಟಿದ್ದು 1945ರ ಆಗಸ್ಟ್ 7ರಂದು, ಒಹಾಯೊ ರಾಜ್ಯದ ಕ್ಯಾಂಟನ್‌ನಲ್ಲಿ. ಉಕ್ಕಿನ ಕಾರ್ಖಾನೆಗಳ ಊರು. ಶಾಲೆಗಳಲ್ಲಿ ಬಿಳಿಯರನ್ನೂ ಕಪ್ಪು ಮಕ್ಕಳನ್ನೂ ಬೇರೆ ಬೇರೆ ಕೂರಿಸುವುದು ಸಂವಿಧಾನಕ್ಕೆ ವಿರುದ್ಧ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1954ರಲ್ಲಿ ತೀರ್ಪು ಕೊಟ್ಟಾಗ ಇವರಿಗೆ ಎಂಟು ವರ್ಷ. ಅದೇ ಕ್ಯಾಂಟನ್‌ನಲ್ಲಿ ಫುಟ್‌ಬಾಲ್ ಹಾಲ್ ಆಫ್ ಫೇಮ್ ಕಟ್ಟಡ ಎದ್ದಾಗ ಹದಿಹರೆಯದ ಪೇಜ್ ಅಲ್ಲಿ ಕೂಲಿ ಕೆಲಸ ಮಾಡಿದ್ದರು. 1988ರಲ್ಲಿ ಅದೇ ಕಟ್ಟಡದೊಳಗೆ ಅವರ ಪ್ರತಿಮೆ ಕೂತಿತು. ಫಾರ್ವರ್ಡ್ ಮಾಡೋರಿಗೆ ಈ ಭಾಗ ಬಲು ಇಷ್ಟ. ಇಷ್ಟಪಡಲಿ. ಆದರೆ ಕೂಲಿಗೂ ಪ್ರತಿಮೆಗೂ ನಡುವೆ ಇಪ್ಪತ್ತೈದು ವರ್ಷ ಇದೆಯಲ್ಲ, ಅಲ್ಲಿ ಏನಾಯ್ತು?

ಪೇಜ್ 1967ರಲ್ಲಿ ನೋತ್ರ್ ಡೇಮ್ ವಿಶ್ವವಿದ್ಯಾಲಯದಿಂದ ರಾಜ್ಯಶಾಸ್ತ್ರದ ಪದವಿ ಪಡೆದು ಲೀಗಿಗೆ ಬಂದಾಗ ಅಲ್ಲಿ ಯಾರೂ ಬರೆದಿಡದ ಒಂದು ವರ್ಣ ವ್ಯವಸ್ಥೆ ಇತ್ತು. ತಲೆ ಓಡಿಸೋ ಜಾಗಗಳು ಬಿಳಿಯರಿಗೆ, ಮೈ ಓಡಿಸೋ ಜಾಗಗಳು ಕಪ್ಪು ಜನಕ್ಕೆ. ಕಪ್ಪು ಹುಡುಗ ಕಾಲೇಜಿನಲ್ಲಿ ಎಷ್ಟೇ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಆಗಿದ್ದರೂ ವೃತ್ತಿ ಲೀಗಿಗೆ ಬಂದ ಕೂಡಲೇ 'ನೀನು ಬೇರೆ ಜಾಗ ಆಡು' ಅಂತಿದ್ರು. 1968ರಲ್ಲಿ ಮಾರ್ಲಿನ್ ಬ್ರಿಸ್ಕೊ ಡೆನ್ವರ್ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿ ಆಡಿ ತೋರಿಸಿದರು. ಮರುವರ್ಷ ಆ ಜಾಗ ಅವರಿಗೆ ಉಳಿಯಲಿಲ್ಲ. ಬೇರೆ ತಂಡಕ್ಕೆ ಹೋಗಿ ಚೆಂಡು ಹಿಡಿಯುವವರಾಗಬೇಕಾಯ್ತು. ಓಡೋಕೆ, ಗುದ್ದೋಕೆ, ಕೆಡವೋಕೆ ನಿಮ್ಮವರು ಬೇಕು. ಯೋಚನೆ ಮಾಡೋಕೆ ಬೇಡ. ಇದೇ ಅಲ್ಲವೇ ಜಾತಿಯ ವ್ಯಾಕರಣವೂ?

ಎರಡನೇದು ರೋಜೆಲ್ ನಿಯಮ. ಲೀಗಿನ ಮುಖ್ಯಸ್ಥ ಪೀಟ್ ರೋಜೆಲ್ ಹೆಸರಲ್ಲಿ 1963ರಿಂದ ಇದ್ದ ಕಟ್ಟಳೆ. ಒಬ್ಬ ಆಟಗಾರನ ಒಪ್ಪಂದ ಮುಗೀತು ಅಂದ್ಕೊಳ್ಳಿ. ಅವನು ಬೇರೆ ತಂಡಕ್ಕೆ ಹೋಗಬಹುದು. ಆದರೆ ಅವನನ್ನು ತಗೊಂಡ ತಂಡ ಹಳೇ ತಂಡಕ್ಕೆ ಪರಿಹಾರ ಕಟ್ಟಬೇಕು. ಎರಡೂ ತಂಡ ಒಪ್ಪದಿದ್ದರೆ ಎಷ್ಟು ಅಂತ ಹೇಳೋನು ರೋಜೆಲ್. ಯಾವ ಆಟಗಾರನನ್ನು ಕಿತ್ತು ಕೊಡ್ತಾರೋ ಗೊತ್ತಿಲ್ಲದಾಗ ಯಾವ ತಂಡ ತಾನೇ ಕೈ ಹಾಕುತ್ತೆ? ಹಾಗಾಗಿ ಒಪ್ಪಂದ ಮುಗಿದರೂ ಆಳು ಯಜಮಾನನ ಸೊತ್ತಾಗೇ ಉಳೀತಿದ್ದ. ಇದನ್ನು ಜೀತ ಅಂತ ನಾನು ಕರೆಯಲ್ಲ. ಜೀತ ಏನು ಅಂತ ನಮ್ಮ ಹಿರಿಯರಿಗೆ ಗೊತ್ತು, ಆ ಪದವನ್ನು ಅಗ್ಗ ಮಾಡಬಾರದು. ಆದರೆ ಹಿಂದಿರೋ ತರ್ಕ ಅದೇ ಮನೆಯದು: ದುಡಿಯೋನು ತನ್ನ ದುಡಿಮೆಗೆ ತಾನು ಒಡೆಯ ಅಲ್ಲ.

ಪೇಜ್ ಏನು ಮಾಡಿದರು? ಸುಮ್ಮನೆ ದುಡಿದರಾ? ಇಲ್ಲ ಸ್ವಾಮಿ. 1970ರಿಂದಲೇ ಆಟಗಾರರ ಸಂಘದಲ್ಲಿ ತಮ್ಮ ತಂಡದ ಪ್ರತಿನಿಧಿ. 1972ರಿಂದ ಸಂಘದ ಕಾರ್ಯಕಾರಿ ಸಮಿತಿ ಸದಸ್ಯ. 1974ರ ಬೇಸಿಗೆಯಲ್ಲಿ ಆಟಗಾರರು 'ಸ್ವಾತಂತ್ರ್ಯ ಇಲ್ಲದೆ ಫುಟ್‌ಬಾಲ್ ಇಲ್ಲ' ಅಂತ ಮುಷ್ಕರ ಹೂಡಿದರು. ಮುಷ್ಕರ ಸೋತಿತು, ಒಪ್ಪಂದ ಆಗಲಿಲ್ಲ, ಆಟಗಾರರು ವಾಪಸ್ ಹೋದರು. ಆದರೆ ಅಷ್ಟರಲ್ಲಿ ಜಾನ್ ಮ್ಯಾಕಿ ಮುಂದಾಳತ್ವದಲ್ಲಿ ಹಾಕಿದ ಮೊಕದ್ದಮೆ ಕೋರ್ಟಿನಲ್ಲಿ ನಡೀತಿತ್ತು. ಲೀಗಿನ ವಿರುದ್ಧ ಸಹಿ ಹಾಕಿದ ಆಟಗಾರರ ಪಟ್ಟಿಯಲ್ಲಿ ಅಲನ್ ಪೇಜ್ ಹೆಸರಿದೆ. ಯೋಚಿಸಿ, ಲೀಗಿನ ಅತ್ಯಮೂಲ್ಯ ಆಟಗಾರ ಅಂತ ಹೊಗಳಿಸಿಕೊಂಡ ಮನುಷ್ಯ ಅದೇ ಲೀಗಿನ ಮೇಲೆ ಕೇಸು ಹಾಕಿದವರ ಜೊತೆ ನಿಂತ. 1975ರ ಡಿಸೆಂಬರ್‌ನಲ್ಲಿ ಮಿನಿಯಾಪೊಲಿಸ್‌ನ ನ್ಯಾಯಾಲಯ ಆಟಗಾರರ ಪರ ತೀರ್ಪು ಕೊಟ್ಟಿತು. 1976ರಲ್ಲಿ ಮೇಲ್ಮನವಿ ನ್ಯಾಯಾಲಯವೂ ರೋಜೆಲ್ ನಿಯಮ ಕಾನೂನಿಗೆ ವಿರುದ್ಧ ಅಂತ ಹೇಳಿತು.

ಆದರೂ ಒಪ್ಪಂದ ಮುಗಿದವರು ಇಷ್ಟ ಬಂದ ಕಡೆ ಹೋಗೋ ನಿಜವಾದ ಸ್ವಾತಂತ್ರ್ಯ ಬಂದಿದ್ದು 1993ರಲ್ಲಿ. ಅಷ್ಟೊತ್ತಿಗೆ ಪೇಜ್ ಆಟ ಬಿಟ್ಟು ಹನ್ನೆರಡು ವರ್ಷ. ಗಿಡ ನೆಟ್ಟವರು ಒಬ್ಬರು, ನೆರಳಲ್ಲಿ ಕೂತವರು ಇನ್ನೊಬ್ಬರು. ಇವತ್ತು ಲೀಗಿನಲ್ಲಿ ಕೋಟಿಗಟ್ಟಲೆ ಡಾಲರ್ ಎಣಿಸೋ ಆಟಗಾರನಿಗೆ ಮ್ಯಾಕಿ, ಪೇಜ್ ಹೆಸರು ಗೊತ್ತಿದೆಯೋ ಇಲ್ಲವೋ. ನಮ್ಮಲ್ಲಿ ಸಂಬಳದ ಸ್ಲಿಪ್ ಕೈಗೆ ಬಂದ ಮೇಲೆ ಸಂಘಟನೆಗೆ ಮುಖ ತೋರಿಸದವರು ಇಲ್ವಾ? ಅದೇ ಕತೆ.

ಮೂರನೇದು ಓದು. ಆಡುತ್ತಿರುವಾಗಲೇ ಪೇಜ್ ಮಿನ್ನೆಸೋಟ ವಿಶ್ವವಿದ್ಯಾಲಯದ ಲಾ ಕಾಲೇಜಿಗೆ ಸೇರಿ 1978ರಲ್ಲಿ ಪದವಿ ಪಡೆದರು. ಈ ವರ್ಷಗಳಲ್ಲೇ ಅವರು ದೂರದ ಓಟ ಶುರು ಮಾಡಿ ತೂಕ ಇಳಿಸಿದ್ದರು. ಹಳೇ ಪೇಜ್ ಅಲ್ಲ, ಮೈ ಸಣ್ಣಗಾಯ್ತು, ಆಟ ಇಳೀತು ಅನ್ನೋದು ತಂಡದವರ ವಾದ. ಅದೇ 1978ರ ಅಕ್ಟೋಬರ್‌ನಲ್ಲಿ, ಋತುವಿನ ನಡುವೆಯೇ, ಹನ್ನೆರಡನೇ ವರ್ಷ ಆಡ್ತಿದ್ದ ಮನುಷ್ಯನನ್ನು ವೈಕಿಂಗ್ಸ್ ಕೈಬಿಟ್ಟಿತು. ಷಿಕಾಗೊ ಬೇರ್ಸ್ ತಂಡ ಅವರನ್ನು ತಗೊಂಡಿದ್ದು ಎಷ್ಟಕ್ಕೆ ಗೊತ್ತಾ? 100 ಡಾಲರ್‌ಗೆ. ಬಿಟ್ಟುಬಿಟ್ಟ ಆಟಗಾರನಿಗೆ ನಿಯಮದ ಪ್ರಕಾರ ಕಟ್ಟೋ ಶುಲ್ಕ ಅಷ್ಟೇ. ಏಳು ವರ್ಷದ ಹಿಂದೆ ಇಡೀ ಲೀಗಿನ ಅತ್ಯಮೂಲ್ಯ. ಈಗ ಮೌಲ್ಯ ನೂರು ಡಾಲರ್.

ಆ 'ಮೈ ಇಳಿದ' ಮನುಷ್ಯ ಷಿಕಾಗೊದಲ್ಲಿ ಇನ್ನೂ 58 ಪಂದ್ಯ ಆಡಿದರು. 1979ರಲ್ಲಿ ಮ್ಯಾರಥಾನ್ ಓಡಿ ಮುಗಿಸಿದರು. ಲೀಗಿನಲ್ಲಿ ಆಡ್ತಾ ಇರುವಾಗಲೇ ಮ್ಯಾರಥಾನ್ ಮುಗಿಸಿದ ಮೊದಲ ಆಟಗಾರ ಅವರು. ವಕೀಲಿ ಸನ್ನದು ಪಡೆದು ಆಟ ಇಲ್ಲದ ತಿಂಗಳುಗಳಲ್ಲಿ ವಕೀಲಿಕೆಯನ್ನೂ ಮಾಡಿದರು.

ನಾಲ್ಕನೇದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ನ್ಯಾಯಾಲಯದ ಕುರ್ಚಿ. 'ಕಷ್ಟಪಟ್ಟು ಓದಿ ಜಡ್ಜ್ ಆದ' ಅಂತ ಫಾರ್ವರ್ಡ್ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತೆ. ನಡೆದದ್ದು ಹಾಗಲ್ಲ. ಮಿನ್ನೆಸೋಟದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳನ್ನು ಜನ ಮತ ಹಾಕಿ ಆರಿಸಬೇಕು, ಸಂವಿಧಾನ ಹೇಳೋದು ಹಾಗೆ. ರೂಢಿಯಲ್ಲಿ ನಡೀತಿದ್ದದ್ದು ಬೇರೆ. ಅವಧಿ ಮುಗಿಯೋ ಮೊದಲೇ ನ್ಯಾಯಮೂರ್ತಿಗಳು ನಿವೃತ್ತರಾಗ್ತಿದ್ರು, ಗವರ್ನರ್ ತಮಗೆ ಬೇಕಾದವರನ್ನು ನೇಮಿಸ್ತಿದ್ರು. ಅಲ್ಲಿನ ಗವರ್ನರ್ ಅಂದ್ರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. 1992ರಲ್ಲಿ ಪೇಜ್ ಚುನಾವಣೆಗೆ ನಿಲ್ಲಬೇಕು ಅಂತಿದ್ದಾಗ ಗವರ್ನರ್ ಆರ್ನಿ ಕಾರ್ಲ್‌ಸನ್ ಹಾಲಿ ನ್ಯಾಯಮೂರ್ತಿಯೊಬ್ಬರ ಅವಧಿಯನ್ನು ವಿಸ್ತರಿಸಿದರು. ಅಂದ್ರೆ ಆ ವರ್ಷ ಆ ಕುರ್ಚಿಗೆ ಚುನಾವಣೆಯೇ ಇಲ್ಲ! ಬಾಗಿಲು ಹಾಕಲಿಲ್ಲ, ಬಾಗಿಲನ್ನೇ ತೆಗೆದು ಗೋಡೆ ಕಟ್ಟಿದರು.

ಪೇಜ್ ಮನೆಗೆ ಹೋಗಿ ಇನ್ನಷ್ಟು 'ಕಷ್ಟಪಟ್ಟು ಓದಲಿಲ್ಲ'. ಗವರ್ನರ್ ಮೇಲೆ ಕೇಸು ಹಾಕಿದರು. ಪೇಜ್ ವಿರುದ್ಧ ಕಾರ್ಲ್‌ಸನ್. ತಮ್ಮದೇ ಕೋರ್ಟಿನ ಕುರ್ಚಿಯ ವಿಷಯ ಆದ್ದರಿಂದ ಹಾಲಿ ನ್ಯಾಯಮೂರ್ತಿಗಳು ಹಿಂದೆ ಸರಿದು ಬದಲಿ ಪೀಠ ವಿಚಾರಣೆ ನಡೆಸಿತು. ಚುನಾವಣೆ ನಡೆಸಲೇಬೇಕು ಅಂತ ತೀರ್ಪು ಬಂತು. ಚುನಾವಣೆ ನಡೀತು, ಪೇಜ್ ಗೆದ್ದರು. ಆ ರಾಜ್ಯ ಹುಟ್ಟಿದ್ದು 1858ರಲ್ಲಿ. ಅದರ ಸುಪ್ರೀಂ ಕೋರ್ಟಿನಲ್ಲಿ ಮೊದಲ ಕಪ್ಪು ನ್ಯಾಯಮೂರ್ತಿ ಕೂತಿದ್ದು 1993ರ ಜನವರಿಯಲ್ಲಿ. ಲೆಕ್ಕ ಹಾಕಿ, 135 ವರ್ಷ. ಆಮೇಲೆ 1998, 2004, 2010, ಮೂರು ಸಲ ಜನ ಅವರನ್ನು ಮತ್ತೆ ಆರಿಸಿದರು. 2015ರಲ್ಲಿ ಎಪ್ಪತ್ತು ತುಂಬಿದಾಗ ಕಾನೂನಿನಂತೆ ನಿವೃತ್ತರಾದರು.

ಈಗ ಕೇಳ್ತೀನಿ. ಆ 135 ವರ್ಷದಲ್ಲಿ ಮಿನ್ನೆಸೋಟದಲ್ಲಿ ಒಬ್ಬನೇ ಒಬ್ಬ ಕಪ್ಪು ಮನುಷ್ಯನಿಗೂ ಪ್ರತಿಭೆ ಇರಲಿಲ್ವಾ? ಪ್ರತಿಭೆ ಇತ್ತು. ನೇಮಕದ ಕೀಲಿ ಬೇರೆಯವರ ಕೈಯಲ್ಲಿತ್ತು. ಇಲ್ಲಿ ನೋಡಿ, 1950ರಿಂದ ಇಲ್ಲಿಯವರೆಗೆ ಭಾರತದ ಮುಖ್ಯ ನ್ಯಾಯಮೂರ್ತಿ ಕುರ್ಚಿಯಲ್ಲಿ ಕೂತ ದಲಿತರು ಇಬ್ಬರು: 2007ರಲ್ಲಿ ಕೆ.ಜಿ. ಬಾಲಕೃಷ್ಣನ್, 2025ರಲ್ಲಿ ಬಿ.ಆರ್. ಗವಾಯಿ. 'ಪ್ರತಿಭೆ ಇದ್ದರೆ ತಾನಾಗೇ ಬರ್ತಾರೆ' ಅನ್ನೋರು ಈ ಎರಡು ಇಸವಿಗಳನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಲಿ.

'ಆಟದಲ್ಲಿ ಜಾತಿ ಇಲ್ಲ, ಬಣ್ಣ ಇಲ್ಲ, ಬರೀ ಅಂಕ' ಅನ್ನೋರಿಗೆ ಪೇಜ್ ಆಡಿದ ಅದೇ ಲೀಗಿನಿಂದ ಇನ್ನೊಂದು ಲೆಕ್ಕ. ತಲೆಗೆ ಪೆಟ್ಟು ತಿಂದೂ ತಿಂದೂ ಮರೆವಿನ ಕಾಯಿಲೆ ಬಂದ ಹಳೇ ಆಟಗಾರರಿಗೆ ಪರಿಹಾರ ಕೊಡಲು ಒಂದು ಒಪ್ಪಂದ ಆಯ್ತು. ಪರಿಹಾರ ಬೇಕಾದರೆ ಬುದ್ಧಿಶಕ್ತಿಯ ಪರೀಕ್ಷೆ. ಆ ಪರೀಕ್ಷೆಯನ್ನು ಅಳೆಯುವಾಗ ಕಪ್ಪು ಜನಕ್ಕೆ ಬೇರೆ ಅಳತೆಗೋಲು ಬಳಸ್ತಿದ್ರು: ಇವರ ಬುದ್ಧಿಮಟ್ಟ ಮೊದಲಿಂದಲೇ ಕಮ್ಮಿ ಅನ್ನೋ ಲೆಕ್ಕ! ಹಾಗಾಗಿ ಒಂದೇ ಅಂಕ ಬಂದರೂ ಬಿಳಿಯನಿಗೆ ಕಾಯಿಲೆ, ಕಪ್ಪು ಮನುಷ್ಯನಿಗೆ 'ನೀನು ಮೊದಲೇ ಹಾಗೆ'. 2020ರಲ್ಲಿ ಕೆವಿನ್ ಹೆನ್ರಿ ಮತ್ತು ನಾಜೆ ಡಾವೆನ್‌ಪೋರ್ಟ್ ಕೇಸು ಹಾಕಿದರು. ಹೆನ್ರಿ ಕೂಡ ಪೇಜ್ ಥರ ಮುಂಸಾಲಿನಲ್ಲಿ ತಡೆಯೋ ಆಟಗಾರ. 2021ರ ಜೂನ್‌ನಲ್ಲಿ ಲೀಗ್ ಈ ಪದ್ಧತಿ ಬಿಡ್ತೀವಿ ಅಂತು. 1868 ಅಲ್ಲ, 2021. ಮೈಯನ್ನು ಹಿಂಡಿ ಬಳಸಿಕೊಂಡು, ಮೆದುಳು ಸವೆದ ಮೇಲೆ 'ನಿಂಗೆ ಅದು ಇದ್ದದ್ದೇ ಅಷ್ಟು' ಅನ್ನೋದು. ಅಳತೆಗೋಲನ್ನೇ ಸೊಟ್ಟ ಮಾಡಿಟ್ಟು ಪ್ರತಿಭೆ ಅಳೀತೀವಿ ಅಂತಾರೆ.

ನಮ್ಮ ಕಡೆಯ ಕೆಲವು ಸಂಗಾತಿಗಳೂ ಒಂದು ಮಾತು ಕೇಳ್ತಾರೆ ಅಂತ ಗೊತ್ತು. ಅವನು ದುಡ್ಡಿರೋ ಆಟಗಾರ, ಸರ್ಕಾರದ ನ್ಯಾಯಮೂರ್ತಿ, 2018ರಲ್ಲಿ ಟ್ರಂಪ್ ಕೈಯಿಂದ ಪದಕ ತಗೊಂಡವನು. ನಮಗೂ ಅವನಿಗೂ ಏನು ಸಂಬಂಧ? ಸಂಬಂಧ ಹಳೇದು. ಬಾಬಾಸಾಹೇಬರು ಕೊಲಂಬಿಯಾದಲ್ಲಿ ಓದಿದವರು, 1946ರಲ್ಲಿ ಡಬ್ಲ್ಯು.ಇ.ಬಿ. ಡುಬೊಯ್ಸ್ ಅವರಿಗೆ ಪತ್ರ ಬರೆದವರು. 1972ರಲ್ಲಿ ಮುಂಬೈಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ಹೆಸರು ಎಲ್ಲಿಂದ ಬಂತು ಅಂತ ನಿಮಗೆ ಗೊತ್ತು. ಪೇಜ್ ಕ್ರಾಂತಿಕಾರಿ ಅಂತ ನಾನು ಹೇಳ್ತಿಲ್ಲ. ಶಿಕ್ಷಣವನ್ನು ರಾಜ್ಯ ಸಂವಿಧಾನದಲ್ಲಿ ಮೂಲಭೂತ ಹಕ್ಕಾಗಿ ಬರೆಯಬೇಕು ಅಂತ 2020ರಿಂದ ಅವರು ಮುಂದಿಟ್ಟ ತಿದ್ದುಪಡಿಯನ್ನು ಅಲ್ಲಿನ ಶಿಕ್ಷಕರ ಸಂಘವೇ ವಿರೋಧಿಸಿದೆ. ವಾದ ಮಾಡೋಣ, ತಪ್ಪಿಲ್ಲ.

ಆದರೆ ಒಂದು ನೋಡಿ. 1988ರಲ್ಲಿ ಹಾಲ್ ಆಫ್ ಫೇಮ್ ವೇದಿಕೆಯಲ್ಲಿ ತನ್ನನ್ನು ಪರಿಚಯಿಸಲು ಈ ಮನುಷ್ಯ ಕೋಚನ್ನು ಕರೀಲಿಲ್ಲ, ತಂಡದ ಮಾಲೀಕನನ್ನು ಕರೀಲಿಲ್ಲ. ಮಿನಿಯಾಪೊಲಿಸ್‌ನ ಒಂದು ಶಾಲೆಯ ಪ್ರಾಂಶುಪಾಲೆ, ಕಪ್ಪು ಮಹಿಳೆ ವಿಲರೀನ್ ಬೀಸ್ಲಿ ಅವರನ್ನು ಕರೆದರು. ಚೆಂಡಿನ ಹಬ್ಬದಲ್ಲಿ ನಿಂತು ಮಾತಾಡಿದ್ದು ಮಕ್ಕಳ ಓದಿನ ಬಗ್ಗೆ. ಅದೇ ವರ್ಷ ಹೆಂಡತಿ ಡಯೇನ್ ಜೊತೆ ಸೇರಿ ಪೇಜ್ ಎಜುಕೇಶನ್ ಫೌಂಡೇಶನ್ ಕಟ್ಟಿದರು. ಬಿಳಿಯರಲ್ಲದ ವಿದ್ಯಾರ್ಥಿಗಳಿಗೆ ಕಾಲೇಜು ಓದಲು ನೆರವು, ಒಂದು ಷರತ್ತಿನ ಮೇಲೆ: ನೆರವು ಪಡೆದವರು ವರ್ಷಕ್ಕೆ ಕನಿಷ್ಠ 50 ಗಂಟೆ ಚಿಕ್ಕ ಮಕ್ಕಳಿಗಾಗಿ ಕೆಲಸ ಮಾಡಬೇಕು. ನಾವು 'ಪೇ ಬ್ಯಾಕ್ ಟು ಸೊಸೈಟಿ' ಅಂತ ಭಾಷಣ ಮಾಡ್ತೀವಲ್ಲ, ಅವರು ಅದಕ್ಕೆ ಗಂಟೆ ಲೆಕ್ಕ ಇಟ್ಟರು.

ಇನ್ನೂ ಒಂದು. ಗಂಡ ಹೆಂಡತಿ ಸೇರಿ ವರ್ಷಗಟ್ಟಲೆ ಗುಲಾಮಗಿರಿ ಕಾಲದ, ಬಣ್ಣಭೇದದ ಕಾಲದ ವಸ್ತುಗಳನ್ನು ಸಂಗ್ರಹಿಸಿದರು, ಜನರ ಮುಂದೆ ಪ್ರದರ್ಶನಕ್ಕಿಟ್ಟರು. ಗೆದ್ದ ಮೇಲೆ 'ಹಳೇದೆಲ್ಲ ಮರೆತುಬಿಡೋಣ' ಅನ್ನೋ ಜಾತಿಯ ಮನುಷ್ಯ ಅಲ್ಲ ಅಂತ ಅರ್ಥ. 2017ರಲ್ಲಿ ಮಿನಿಯಾಪೊಲಿಸ್‌ನ ಒಂದು ಶಾಲೆಗೆ ಅವರ ಹೆಸರು ಬಂತು. ಮೊದಲು ಆ ಶಾಲೆಗಿದ್ದದ್ದು ಅಲೆಕ್ಸಾಂಡರ್ ರಾಮ್‌ಸೆ ಹೆಸರು. 1862ರಲ್ಲಿ ಡಕೋಟ ಮೂಲನಿವಾಸಿಗಳನ್ನು ಒಂದೋ ನಿರ್ನಾಮ ಮಾಡಬೇಕು ಇಲ್ಲವೇ ರಾಜ್ಯದ ಗಡಿಯಾಚೆ ಅಟ್ಟಬೇಕು ಅಂತ ಸಾರಿದ ಗವರ್ನರ್ ಅವನು. ಆ ಹೆಸರು ಬೇಡ ಅಂತ ದನಿ ಎತ್ತಿದ್ದು ಅದೇ ಶಾಲೆಯ ಮಕ್ಕಳು. ಬೋರ್ಡಿನ ಮೇಲಿನ ಹೆಸರಿಗಾಗಿ ಎಷ್ಟು ಹೋರಾಡಬೇಕು ಅಂತ ನಮ್ಮ ಊರುಗಳಲ್ಲಿ ಒಂದು ಸರ್ಕಲ್ಲಿಗೆ, ಒಂದು ರಸ್ತೆಗೆ ಬಾಬಾಸಾಹೇಬರ ಹೆಸರಿಡಲು ಏಟು ತಿಂದವರಿಗೆ ಗೊತ್ತು.

ಇಷ್ಟನ್ನೂ ಜೋಡಿಸಿ ನೋಡಿ. ಓದು ಇದೆ. ಸಂಘ ಇದೆ. ಮುಷ್ಕರ ಇದೆ. ಎರಡು ದೊಡ್ಡ ಮೊಕದ್ದಮೆ ಇದೆ. ಶಿಕ್ಷಣ, ಸಂಘಟನೆ, ಹೋರಾಟ. ಈ ಮೂರು ಪದ ನಾವು ಯಾರಿಂದ ಕಲಿತದ್ದು? ಇವುಗಳಲ್ಲಿ ಮೊದಲನೆಯದನ್ನು ಮಾತ್ರ ಇಟ್ಟುಕೊಂಡು ಉಳಿದೆರಡನ್ನು ಕತ್ತರಿಸಿ, ಅದಕ್ಕೆ 'ಪ್ರತಿಭೆ' ಅಂತ ಲೇಬಲ್ ಹಚ್ಚಿ ನಮ್ಮ ಮಕ್ಕಳಿಗೇ ಮಾರ್ತಾರೆ. ಬಾಬಾಸಾಹೇಬರಿಗೂ ಮಾಡಿದ್ದು ಇದನ್ನೇ ತಾನೇ? ಬೀದಿ ದೀಪದ ಕೆಳಗೆ ಓದಿದ ಬಡ ಹುಡುಗನ ಚಿತ್ರ ಎಲ್ಲರಿಗೂ ಬೇಕು. ಮಹಾಡ್ ಕೆರೆಯ ನೀರು ಮುಟ್ಟಿದ ನಾಯಕ ಬೇಡ. ನಮ್ಮವರ ಬೆವರು ಅವರಿಗೆ ಆದರ್ಶ, ನಮ್ಮವರ ಸಹಿ ಇರೋ ದೂರಿನ ಅರ್ಜಿ ಅವರಿಗೆ ತಲೆನೋವು.

ಹಾಸ್ಟೆಲ್‌ಗಳಲ್ಲಿ, ಓದುಗುಂಪುಗಳಲ್ಲಿ ಇರೋ ತಮ್ಮಂದಿರೇ, ತಂಗಿಯರೇ, ನಿಮ್ಮಲ್ಲಿ ಖೋಖೋ, ಕಬಡ್ಡಿ, ಅಥ್ಲೆಟಿಕ್ಸ್ ಆಡೋರು ಬೇಕಾದಷ್ಟು ಜನ ಇದ್ದೀರಿ. ಆಡಿ, ಗೆಲ್ಲಿ. ಮೈಗೆ ಚಪ್ಪಾಳೆ ತಟ್ಟೋರು ಸಿಗ್ತಾರೆ. ಆಯ್ಕೆ ಸಮಿತಿಯಲ್ಲಿ ಯಾರಿದ್ದಾರೆ, ಒಪ್ಪಂದದಲ್ಲಿ ಏನು ಬರೆದಿದೆ, ಅಂಕ ಎಣಿಸೋನು ಯಾರು ಅಂತ ನೀವು ಕೇಳಿದ ದಿನ ಆ ಚಪ್ಪಾಳೆ ನಿಲ್ಲುತ್ತೆ. ನಿಲ್ಲಲಿ. ಆ ದಿನ ಜೊತೆಗೆ ನಿಲ್ಲೋಕೆ ಒಂದು ಸಂಘ ಇರಬೇಕು, ಕೈಯಲ್ಲಿ ಕಾನೂನಿನ ಪುಸ್ತಕ ಇರಬೇಕು. ಎರಡನ್ನೂ ಇವತ್ತಿಂದಲೇ ಕಟ್ಟಿಕೊಳ್ಳಿ.

ಜೈ ಭೀಮ್.